ಗಿರಣಿ ಬೀದಿಗೆ ಬಳಿದ ಹಳದಿ

ಗಿರಣಿ ಅಕ್ಕ ಗುಟ್ಟು ಹೇಳಿದರೂ ಬೀದಿಯ ಆ ತುದಿಯ ಕ್ಷೌರದಂಗಡಿಯವನಿಗೆ ಕೇಳುತ್ತಿತ್ತು. ಅದು ಅವಳ ತಪ್ಪಲ್ಲ. ಲಂಗ ಉಡುವ ವಯಸ್ಸಿನಿಂದ ಹಿಟ್ಟಿನ ಗಿರಣಿಯ ಬೆಲ್ಟಿನ ಪಕ್ಕ ನಿಂತವಳು. ಮೋಟಾರು ತಿರುಗುತ್ತಿರುವಾಗ ಇದು ಗೋಧಿಯೋ ಜೋಳವೋ, ನುಣ್ಣಗೆ ಬೇಕೋ ತರಿತರಿ ಬೇಕೋ ಎಂದು ಕೇಳಬೇಕಾದರೆ ಗಂಟಲು ಹರಿಯುವ ಹಾಗೆ ಕೂಗಲೇಬೇಕು. ಕೂಗಿ ಕೂಗಿ ಅದೇ ಅವಳ ಮಾಮೂಲಿ ದನಿಯಾಯಿತು. ಕಟ್ಟಿಕೊಂಡ ಗಂಡನೋ ಬಸ್ ಕಂಡಕ್ಟರ್. ಜೀವಮಾನವಿಡೀ ಸೀಟಿ ಊದಿ, ‘ರೈಟ್’ ಎಂದು ಅರಚಿ, ನಿವೃತ್ತಿಯಾಗುವ ಹೊತ್ತಿಗೆ ಅವನ ಕಿವಿಯೂ ಅರ್ಧ ಮಂದವಾಗಿತ್ತು. ಗಂಡ ಹೆಂಡತಿ ಊಟಕ್ಕೆ ಕೂತು ಉಪ್ಪು ಸಾಲದು ಎಂದುಕೊಂಡರೆ ಪಕ್ಕದ ಮನೆಯವರು ಉಪ್ಪಿನ ಡಬ್ಬಿ ಹಿಡಿದು ಬರುತ್ತಾರೆ ಎಂದು ಬೀದಿಯಲ್ಲಿ ತಮಾಷೆಯಿತ್ತು.

ಹೊಸಬರು ಅವಳನ್ನು ಸಿಡುಕಿ ಎಂದೇ ತಿಳಿಯುತ್ತಿದ್ದರು. ನಿಜ ಹೇಳಬೇಕೆಂದರೆ ಅವಳಿಗೆ ಸರಿಯಾಗಿ ಸಿಟ್ಟು ಬಂದದ್ದೇ ಐವತ್ತು ದಾಟಿದ ಮೇಲೆ. ಅಲ್ಲಿಯತನಕ ಸಿಟ್ಟು ಮಾಡಿಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ.

ಗಿರಣಿ ಹಾಕಿದ್ದು ಅವಳ ಅಪ್ಪ. ಆಗ ಊರು ಇಷ್ಟು ಬೆಳೆದಿರಲಿಲ್ಲ. ಕೊನೆಯ ಬೀದಿದೀಪ ದಾಟಿ, ಕಲ್ಲುಗುಂಡು ತುಂಬಿದ ದಾರಿಯಲ್ಲಿ ಸ್ವಲ್ಪ ದೂರ ನಡೆದರೆ ತಗಡಿನ ಮಾಡಿನ ಗಿರಣಿ, ಅದರ ಮಗ್ಗುಲಿಗೆ ಎರಡು ಕೋಣೆಯ ಮನೆ, ಹಿಂದೆ ಮುಳ್ಳುಗಿಡ ಬೆಳೆದ ಖಾಲಿ ಜಾಗ. ಊರಾಚೆ ಯಾಕೆ ಹಾಕಿದೆ ಎಂದು ಯಾರಾದರೂ ಕೇಳಿದರೆ ಅಪ್ಪ, ಗಿರಣಿ ಅಂದಮೇಲೆ ಸದ್ದು ಮಾಡುತ್ತದೆ, ನಾಲ್ಕು ಜನರ ನಿದ್ದೆ ಯಾಕೆ ಕೆಡಿಸಬೇಕು ಎನ್ನುತ್ತಿದ್ದ. ಗಿರಣಿ ಬಂದಮೇಲೆ ಅದರ ಎದುರಿಗೆ ಸೈಕಲ್ ರಿಪೇರಿಯವನು ಬಂದ, ಇಸ್ತ್ರಿಯವನು ಬಂದ, ಕ್ಷೌರದಂಗಡಿ ಬಂತು. ಕಾಲುದಾರಿ ಬೀದಿಯಾಯಿತು. ಜನ ಅದನ್ನು ಗಿರಣಿ ಬೀದಿ ಎಂದೇ ಕರೆದರು.

ಅಪ್ಪನಿಗೆ ಇಬ್ಬರು ಮಕ್ಕಳು, ಅಕ್ಕ ಮತ್ತು ಅವಳಿಗಿಂತ ಎಂಟು ವರ್ಷ ಚಿಕ್ಕವನಾದ ತಮ್ಮ. ತಮ್ಮನಿಗೆ ಹಿಟ್ಟಿನ ಧೂಳು ಆಗುತ್ತಿರಲಿಲ್ಲ. ಗಿರಣಿಯೊಳಗೆ ಕಾಲಿಟ್ಟರೆ ಗೊರಗೊರ ಎಂದು ಉಬ್ಬಸ ಏಳುತ್ತಿತ್ತು. ಹಾಗಾಗಿ ಅವನು ಓದಿದ, ಇವಳು ಬೀಸಿದಳು. ಅಪ್ಪ ಹಾಸಿಗೆ ಹಿಡಿದಾಗ ಬೆಲ್ಟು ಹಾಕುವುದು, ಸವೆದ ಬೀಸುಗಲ್ಲು ಬಿಚ್ಚಿ ಉಳಿಯಿಂದ ಕಚ್ಚು ಹೊಡೆಯುವುದು, ಮೋಟಾರು ಕೆಟ್ಟರೆ ರಿಪೇರಿಯವನ ಮನೆ ಬಾಗಿಲು ಬಡಿಯುವುದು ಎಲ್ಲವೂ ಅವಳ ತಲೆಯ ಮೇಲೆ ಬಿತ್ತು. ಬಿದ್ದದ್ದು ಭಾರ ಎಂದು ಅವಳಿಗೆ ಅನ್ನಿಸಿರಲಿಲ್ಲ. ತಮ್ಮನ ಕಾಲೇಜು, ತಮ್ಮನ ಶರಟು, ತಮ್ಮನ ಉಬ್ಬಸದ ಔಷಧಿ ಎಲ್ಲವೂ ಆ ಕಲ್ಲಿನ ಬಾಯಿಂದಲೇ ಉದುರಿದವು.

ಅಪ್ಪ ಹೋದಮೇಲೆ ಪಾಲಾಯಿತು. ಗಿರಣಿ ಮತ್ತು ಮನೆ ಅಕ್ಕನಿಗೆ, ಹಿಂದಿನ ಖಾಲಿ ಜಾಗ ತಮ್ಮನಿಗೆ. ಆಗ ನೆಂಟರೆಲ್ಲ ಅವನನ್ನು ಕಂಡು ಅಯ್ಯೋ ಎಂದರು. ಅಕ್ಕನಿಗೆ ಅನ್ನದ ದಾರಿ ಸಿಕ್ಕಿತು, ಇವನಿಗೆ ಮುಳ್ಳು ಸಿಕ್ಕಿತು ಎಂದರು. ಅಕ್ಕನಿಗೂ ಹಾಗೇ ಅನ್ನಿಸಿ, ಅವನು ಬಾಡಿಗೆ ಮನೆ ಮಾಡಿದಾಗ ತನ್ನ ಮನೆಯ ಮಂಚ, ಬೀರು ಎರಡನ್ನೂ ಗಾಡಿ ಮಾಡಿ ಕಳಿಸಿಕೊಟ್ಟಳು. ವಿಮೆ ಕಚೇರಿಯಲ್ಲಿ ಕೆಲಸಕ್ಕಿದ್ದ ತಮ್ಮ ವಾರಕ್ಕೊಮ್ಮೆ ಹಿಟ್ಟಿನ ಡಬ್ಬಿ ತುಂಬಿಸಿಕೊಂಡು ಹೋಗಲು ಬರುತ್ತಿದ್ದ. ಬಾಗಿಲ ಹೊರಗೇ ಮೂಗಿಗೆ ಕರವಸ್ತ್ರ ಹಿಡಿದು ನಿಲ್ಲುತ್ತಿದ್ದ. ‘ನಮ್ಮ ಸಾಹೇಬರು ಬಂದ್ರು’ ಎಂದು ಅಕ್ಕ ಇಡೀ ಬೀದಿಗೆ ಕೇಳುವ ಹಾಗೆ ಸಾರುತ್ತಿದ್ದಳು. ಅದರಲ್ಲಿ ಹೆಮ್ಮೆ ಬಿಟ್ಟು ಬೇರೇನೂ ಇರಲಿಲ್ಲ.

ಆಮೇಲೆ ಊರಿಗೆ ಏನಾಯಿತೋ, ಬೇಸಿಗೆಯ ಬೆಂಕಿಯ ಹಾಗೆ ನಾಲ್ಕೂ ದಿಕ್ಕಿಗೆ ಹಬ್ಬಿತು. ಕೊನೆಯ ಬೀದಿದೀಪದ ಆಚೆ ಇನ್ನೂರು ದೀಪ ಬಂದವು. ಹೊಸ ಆಸ್ಪತ್ರೆ, ಹೊಸ ಕಾಲೇಜು, ಹೊರವರ್ತುಲ ರಸ್ತೆ ಬಂದವು. ತಮ್ಮನ ಮುಳ್ಳಿನ ಜಾಗಕ್ಕೆ ಚಿನ್ನದ ಬೆಲೆ ಬಂತು. ಒಬ್ಬ ಬಿಲ್ಡರ್ ಬಂದ. ಬಿಳಿ ಕಾರು, ಬಿಳಿ ಶರಟು, ಬೆಲ್ಲ ಸವರಿದ ನಾಲಿಗೆ. ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು ಕಟ್ಟುತ್ತೇನೆ, ತಮ್ಮನಿಗೆ ಮೊದಲ ಮಹಡಿಯಲ್ಲಿ ದೊಡ್ಡ ಮನೆ ಕೊಡುತ್ತೇನೆ ಎಂದ. ತಮ್ಮ ಬಂದು ಅಕ್ಕನ ಅಭಿಪ್ರಾಯ ಕೇಳಿದ. ಅಕ್ಕ ಕಣ್ಣು ಒರೆಸಿಕೊಂಡು, ಇಷ್ಟು ವರ್ಷಕ್ಕೆ ನಿನಗೂ ಒಂದು ಸ್ವಂತ ಸೂರಾಯಿತಲ್ಲ, ಅದೂ ನನ್ನ ಬೆನ್ನಿಗೇ, ಇನ್ನೇನು ಬೇಕು ಎಂದಳು. ಪತ್ರಕ್ಕೆ ಸಾಕ್ಷಿ ಹಾಕಿದವಳೂ ಅವಳೇ.

ಕಟ್ಟಡ ಏಳಲು ಎರಡು ವರ್ಷ ಹಿಡಿಯಿತು. ಲಾರಿಗಳು ತಿರುಗಲು ಜಾಗ ಸಾಲದೆಂದು ಬಿಲ್ಡರ್ ಕೈ ಮುಗಿದು ಕೇಳಿದಾಗ ಅಕ್ಕ ತನ್ನ ಮಗ್ಗುಲಂಗಳದ ಬೇಲಿ ಕೀಳಿಸಿ ದಾರಿ ಬಿಟ್ಟಳು. ಬೆಳಗಾದರೆ ಜಲ್ಲಿ ಸುರಿಯುವ ಸದ್ದು, ಕಬ್ಬಿಣ ಕತ್ತರಿಸುವ ಕಿರುಚಾಟ, ಕಾಂಕ್ರೀಟು ಕಲೆಸುವ ಯಂತ್ರದ ಗಡಗಡ. ಗಿರಣಿಯ ಹಿಂದಿನ ಗೋಡೆ ಉದ್ದಕ್ಕೆ ಬಿರುಕು ಬಿಟ್ಟಿತು. ಸಿಮೆಂಟಿನ ಪುಡಿ ಹಾರಿ ಬಂದು ಹಿಟ್ಟಿಗೆ ಬೀಳುತ್ತದೆಂದು ಅವಳು ಕಿಟಕಿಗೆಲ್ಲ ಒದ್ದೆ ಗೋಣಿತಾಟು ಇಳಿಬಿಟ್ಟು, ಒಳಗೆ ಬೆವರಿನಲ್ಲಿ ಬೇಯುತ್ತ ಬೀಸಿದಳು. ಗಿರಾಕಿಗಳು ಗೊಣಗಿದರೆ, ಮನೆ ಕಟ್ಟುವಾಗ ಇದ್ದದ್ದೇ, ನಮ್ಮ ಹುಡುಗನದೇ ಅಲ್ಲವೇ ಎಂದು ಅವರನ್ನೇ ಸಮಾಧಾನ ಮಾಡಿದಳು. ಒಂದು ದಿನವೂ ಯಾವ ಕಚೇರಿಗೂ ಹೋಗಿ ದೂರು ಕೊಡಲಿಲ್ಲ. ದೂರು ಕೊಡಬಹುದೆಂದು ಅವಳಿಗೆ ಹೊಳೆಯಲೂ ಇಲ್ಲ.

ಜನ ಬಂದು ತುಂಬಿಕೊಂಡರು. ಬಾಲ್ಕನಿಗಳಲ್ಲಿ ಹೂಕುಂಡ ಬಂದವು, ಬಟ್ಟೆ ಒಣಗಿಸುವ ತಂತಿ ಬಂತು. ಮೊದಮೊದಲು ಅವರೆಲ್ಲ ಒಳ್ಳೆಯ ಗಿರಾಕಿಗಳೇ. ಕಣ್ಣೆದುರೇ ಬೀಸಿದ ಹಿಟ್ಟು, ಇನ್ನೂ ಬಿಸಿ ಇದೆ ನೋಡಿ ಎಂದು ಡಬ್ಬಿಗೆ ಕೈಯಿಟ್ಟು ಸಂತೋಷಪಡುತ್ತಿದ್ದರು. ತಮ್ಮನ ಹೆಂಡತಿ ಮೇಲಿನ ಕಿಟಕಿಯಿಂದ ‘ಅತ್ತಿಗೆ, ಇವತ್ತು ಗೋಧಿ ಕಳಿಸ್ತೀನಿ’ ಎಂದರೆ ಅಕ್ಕ ಕೆಳಗಿನಿಂದ ‘ಕಳಿಸೇ’ ಎನ್ನುವಳು. ಆ ‘ಕಳಿಸೇ’ ನಾಲ್ಕೂ ಅಂತಸ್ತಿಗೆ ಕೇಳುವುದು.

ದೂರು ಶುರುವಾದದ್ದು ಮೆಣಸಿನಕಾಯಿಯಿಂದ. ಖಾರ ಪುಡಿ ಮಾಡಿದ ದಿನ ಕಟ್ಟಡಕ್ಕೆ ಕಟ್ಟಡವೇ ಸೀನುತ್ತದೆ ಎಂದು ಇಬ್ಬರು ಗಂಡಸರು ಬಂದು ಹೇಳಿದರು. ಮಾತಿನಲ್ಲಿ ನ್ಯಾಯವಿದೆ ಎಂದು ಅಕ್ಕ ಖಾರ ಬೀಸುವುದನ್ನೇ ಬಿಟ್ಟಳು. ಸ್ವಲ್ಪ ದಿನಕ್ಕೆ, ಬೆಳಗ್ಗೆ ಆರಕ್ಕೇ ಮೋಟಾರು ಶುರುವಾಗುತ್ತದೆ, ನಿದ್ದೆ ಹಾಳು ಎಂದರು. ಏಳಕ್ಕೆ ಶುರು ಮಾಡಿದಳು. ಆಮೇಲೆ ಹಿಟ್ಟಿನ ಧೂಳು ಕಾರಿನ ಗಾಜಿಗೆ ಕೂರುತ್ತದೆ ಎಂದರು. ಧೂಳು ಹೊರಹೋಗುವ ಕೊಳವೆಗೆ ಬಟ್ಟೆ ಕಟ್ಟಿಸಿದಳು. ಬೆರಳು ತೋರಿಸಿದರೆ ಹಸ್ತ ನುಂಗುವವರು ಇವರು ಎಂದು ಕ್ಷೌರದಂಗಡಿಯವನು ಹೇಳಿದ್ದಕ್ಕೆ, ಹೋಗಲಿ ಬಿಡು, ಹೊಸ ಜನ, ಹೊಂದಿಕೊಳ್ಳುತ್ತಾರೆ ಎಂದಳು.

ಒಂದು ಮಧ್ಯಾಹ್ನ ನಗರಸಭೆಯ ಜವಾನ ಬಂದು ನೋಟಿಸು ಕೊಟ್ಟು ಹೋದ. ಗಿರಣಿ ಇರುವ ಜಾಗ ಹೊಸ ನಗರ ಯೋಜನೆಯಂತೆ ವಸತಿ ವಲಯಕ್ಕೆ ಸೇರಿದೆ, ಇಲ್ಲಿ ಇಂಥ ಉದ್ಯಮ ನಡೆಸುವಂತಿಲ್ಲ, ಯಾಕೆ ಮುಚ್ಚಿಸಬಾರದು ಎಂಬುದಕ್ಕೆ ಕಾರಣ ಹೇಳಿ ಎಂದಿತ್ತು. ಕಂಡಕ್ಟರ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಅಕ್ಕ ಸೀರೆಯ ಹಿಟ್ಟು ಕೊಡವಿಕೊಂಡು ಅವತ್ತೇ ಕಚೇರಿಗೆ ನಡೆದಳು.

ಯೋಜನಾ ಶಾಖೆಯ ಅಧಿಕಾರಿ ಚಿಕ್ಕ ಪ್ರಾಯದವನು, ಮಾತಿನಲ್ಲಿ ಒರಟಿರಲಿಲ್ಲ. ಗೋಡೆಗೆ ಊರಿನ ದೊಡ್ಡ ನಕ್ಷೆ ಅಂಟಿಸಿದ್ದರು. ಹಳದಿ ಅಂದರೆ ಮನೆಗಳು, ನೀಲಿ ಅಂದರೆ ವ್ಯಾಪಾರ, ನೇರಳೆ ಅಂದರೆ ಕಾರ್ಖಾನೆ ಎಂದು ಅವನು ವಿವರಿಸಿದ. ಗಿರಣಿ ಬೀದಿ ಆ ತುದಿಯಿಂದ ಈ ತುದಿಯವರೆಗೆ ಹಳದಿಯಾಗಿತ್ತು. ನೇರಳೆ ಬಣ್ಣ ಊರು ಬಿಟ್ಟು ಎಷ್ಟೋ ದೂರದಲ್ಲಿ, ನಕ್ಷೆಯ ಮೂಲೆಯಲ್ಲಿತ್ತು. ಅಲ್ಲಿಗೆ ಹೋಗಿ ಎಂದ ಅವನು. ಹಿಟ್ಟಿನ ಡಬ್ಬಿ ಹೊತ್ತುಕೊಂಡು ಯಾವ ತಾಯಿ ಅಲ್ಲಿಗೆ ಬರುತ್ತಾಳೆ ಎಂದು ಅಕ್ಕ ಕೇಳಿದಳು. ಅವನು, ಯೋಜನೆಯ ಕರಡನ್ನು ಆಕ್ಷೇಪಣೆಗಾಗಿ ಪ್ರಕಟಿಸಿದ್ದೆವು, ನೀವು ಆಗಲೇ ಹೇಳಬೇಕಿತ್ತು ಎಂದ.

‘ಎಲ್ಲಿ ಪ್ರಕಟಿಸಿದ್ರಿ?’

‘ಇಲ್ಲೇ, ಈ ಗೋಡೆ ಮೇಲೆ.’

‘ನಿಮ್ಮ ಗೋಡೆಗೆ ನೀವು ಅಂಟಿಸ್ಕೊಂಡಿದ್ದನ್ನ ನಾನು ನಮ್ಮನೇಲಿ ಕೂತು ಓದ್ಬೇಕಿತ್ತಾ?’

ಆಚೆ ಕೋಣೆಯ ಗುಮಾಸ್ತರು ಬಾಗಿಲಿಗೆ ಬಂದು ಇಣುಕಿದರು. ಅಧಿಕಾರಿ, ಮೆಲ್ಲಗೆ ಮಾತಾಡಿ ತಾಯಿ ಎಂದ. ಇದಕ್ಕಿಂತ ಮೆಲ್ಲಗೆ ನನಗೆ ಬರುವುದಿಲ್ಲ ಎಂದು ಅಕ್ಕ ನಿಜವನ್ನೇ ಹೇಳಿದಳು. ಅದೂ ಮೆಲ್ಲಗೆ ಬರಲಿಲ್ಲ.

ಎರಡೂ ಕಡೆಯ ಮಾತು ಕೇಳಲು ವಿಚಾರಣೆ ಇಟ್ಟರು. ಉದ್ದ ಮೇಜಿನ ಸಭಾಕೋಣೆ, ತಿರುಗುವಾಗ ಟಕಟಕ ಎನ್ನುವ ಫ್ಯಾನು. ಅಕ್ಕನೂ ಕಂಡಕ್ಟರೂ ಒಂದು ಪಕ್ಕದಲ್ಲಿ ಕೂತರು. ಎದುರಿಗೆ ಅಪಾರ್ಟ್‌ಮೆಂಟಿನ ಏಳೆಂಟು ಜನ ಬಂದು ಕೂತರು. ಅವರ ಹಿಂದೆ ಬಾಗಿಲು ತಳ್ಳಿಕೊಂಡು ತಮ್ಮ ಬಂದ. ಅಕ್ಕ ತನ್ನ ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ಚೀಲ ಎತ್ತಿ ಮಡಿಲಿಗಿಟ್ಟುಕೊಂಡಳು, ಅವನಿಗೆ ಜಾಗವಾಗಲಿ ಎಂದು. ತಮ್ಮ ಅವಳ ಕಡೆ ನೋಡದೆ ಮೇಜಿನ ಆ ಪಕ್ಕಕ್ಕೆ ಹೋಗಿ, ಅವರ ನಡುವೆ ಕೂತ.

ಅವರು ಮಾತಾಡಲು ಎಬ್ಬಿಸಿದ್ದೂ ಅವನನ್ನೇ. ನಿವಾಸಿಗಳ ಸಂಘಕ್ಕೆ ಅವನು ಕಾರ್ಯದರ್ಶಿಯಂತೆ. ಅಕ್ಕನಿಗೆ ಅದು ಅವತ್ತು ಅಲ್ಲಿ ಗೊತ್ತಾಯಿತು. ತಮ್ಮ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಯವಾಗಿ ಮಾತಾಡಿದ. ಮಕ್ಕಳ ಓದಿಗೆ ತೊಂದರೆ, ವಯಸ್ಸಾದವರಿಗೆ ತೊಂದರೆ, ತನಗಂತೂ ಹುಟ್ಟಿನಿಂದ ಉಬ್ಬಸ. ಕೊನೆಗೆ ದನಿ ಇನ್ನಷ್ಟು ಇಳಿಸಿ ಹೇಳಿದ:

‘ಅವರು ನನ್ನ ಸ್ವಂತ ಅಕ್ಕ ಸರ್. ಅವರಿಗೂ ವಯಸ್ಸಾಯ್ತು, ಕಿವಿ ಹೋಗಿದೆ. ಅವರ ಒಳ್ಳೇದಕ್ಕೇ ಹೇಳ್ತಿದೀನಿ. ಇನ್ನಾದ್ರೂ ಆರಾಮಾಗಿರ್ಲಿ.’

ಗಿರಣಿ ಬೇಡ ಎಂದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳೋ ಏನೋ. ಆ ‘ಒಳ್ಳೇದಕ್ಕೇ’ ಎನ್ನುವ ಮಾತು, ಆ ‘ಅವರು’ ಎನ್ನುವ ಬಹುವಚನ ಅವಳಿಗೆ ಸಹಿಸಲಾಗಲಿಲ್ಲ. ಹುಟ್ಟಿದಾಗಿನಿಂದ ‘ನೀನು’ ಎಂದವನಿಗೆ ಕಚೇರಿಯಲ್ಲಿ ಅವಳು ‘ಅವರು’ ಆದಳು. ಎದ್ದು ನಿಂತಳು. ಹೇಳಬೇಕೆಂದು ಮನೆಯಲ್ಲಿ ಸಾಲಾಗಿ ಯೋಚಿಸಿಕೊಂಡು ಬಂದದ್ದು ಎಲ್ಲವೂ ಒಟ್ಟಿಗೇ ಬಾಗಿಲಿಗೆ ನುಗ್ಗಿದ ಜನರ ಹಾಗೆ ಬಾಯಿಗೆ ಬಂತು. ನಾನು ಮೊದಲಿದ್ದೆ, ನೀವು ಆಮೇಲೆ ಬಂದಿರಿ. ಗಿರಣಿ ಇರುವುದನ್ನು ನೋಡಿಯೇ ಮನೆ ಕೊಂಡಿರಿ. ನಿಮ್ಮ ಮನೆ ಏಳುವಾಗ ಎರಡು ವರ್ಷ ನಾನು ನಿಮ್ಮ ಸದ್ದು ತಿಂದೆ, ನಿಮ್ಮ ಧೂಳು ಕುಡಿದೆ ಎಂದಳು. ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಎದುರಿನ ಒಬ್ಬಾಕೆ ಕಿವಿಗೆ ಬೆರಳಿಟ್ಟುಕೊಂಡು, ನೋಡಿ ಸರ್, ದಿನಾ ನಾವು ಇದನ್ನೇ ಅನುಭವಿಸುವುದು ಎಂದಳು. ಎಲ್ಲರೂ ನಕ್ಕರು. ತಮ್ಮ ನಗಲಿಲ್ಲ, ಆದರೆ ತಲೆ ತಗ್ಗಿಸಿ ನಾಚಿಕೆಯಾದವನಂತೆ ಕೂತ. ಆ ನಾಚಿಕೆ ಅಕ್ಕನನ್ನು ನಗುವಿಗಿಂತ ಹೆಚ್ಚು ಉರಿಸಿತು.

ಕೆಲವು ದಿನಕ್ಕೆ ಆದೇಶ ಬಂತು. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮಾತ್ರ ಗಿರಣಿ ನಡೆಸಬಹುದು, ವರ್ಷದೊಳಗೆ ಜಾಗ ಬದಲಿಸಬೇಕು. ಎದುರುದಾರಳು ವಿಚಾರಣೆಯಲ್ಲಿ ಏರುದನಿಯಲ್ಲಿ ಅನುಚಿತವಾಗಿ ವರ್ತಿಸಿದ್ದನ್ನು ಗಮನಿಸಲಾಗಿದೆ ಎಂದೂ ಒಂದು ಸಾಲು ಸೇರಿಸಿದ್ದರು.

ಹತ್ತರಿಂದ ನಾಲ್ಕಕ್ಕೆ ಗಿರಣಿಗೆ ಯಾರು ಬರುತ್ತಾರೆ? ಕೂಲಿಗೆ ಹೋಗುವವರು ಬೆಳಗಾಗುತ್ತಲೇ ಡಬ್ಬಿ ಇಟ್ಟು ಹೋಗಿ, ಸಂಜೆ ಬರುತ್ತ ಹಿಟ್ಟು ಒಯ್ಯುವವರು. ಗಾರ್ಮೆಂಟಿನ ಹೆಂಗಸರು ಆರು ಗಂಟೆಗೆ ಬಸ್ಸಿಳಿದು ಓಡಿ ಬರುವವರು. ಅವರು ಬಂದು, ಮುಚ್ಚಿದ ಬಾಗಿಲು ನೋಡಿ ಹಿಂದಿರುಗಿದರು. ಎರಡು ಸಲ ಹಿಂದಿರುಗಿದವರು ಮೂರನೆಯ ಸಲ ಬರಲಿಲ್ಲ. ನಡುಮಧ್ಯಾಹ್ನ ಅಕ್ಕ ಖಾಲಿ ಗಿರಣಿಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತರೆ, ಮೋಟಾರಿನ ಮೇಲಿನ ಹಿಟ್ಟಿನ ಪದರವನ್ನು ಇರುವೆಗಳು ಕೆರೆಯುತ್ತಿದ್ದವು. ಅವಳಿಗೆ ಆ ಮೌನ ಅಭ್ಯಾಸವಿರಲಿಲ್ಲ. ಕಿವಿಯಲ್ಲಿ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು.

ಹೀಗಿರುವಾಗ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಗೋಡೆ ಒಡೆಯುವ ಸದ್ದು ಶುರುವಾಯಿತು. ಕಾರು ನಿಲ್ಲಿಸಲೆಂದು ಬಿಟ್ಟಿದ್ದ ಜಾಗಕ್ಕೆ ಶಟರುಗಳು ಬಂದವು, ಗಾಜು ಬಂತು, ದೀಪದ ಬೋರ್ಡು ಬಂತು. ಸೂಪರ್ ಮಾರ್ಕೆಟ್ ತೆರೆಯಿತು. ಫ್ರಿಜ್ಜುಗಳಿಗೆ ಕರೆಂಟು ಹೋಗಬಾರದೆಂದು ಆಳೆತ್ತರದ ಜನರೇಟರು ತಂದು ಅಕ್ಕನ ಹಿಂದಿನ ಗೋಡೆಗೆ ಒತ್ತಿ, ಬಿರುಕು ಬಿಟ್ಟ ಜಾಗದ ಬಳಿಯೇ ಇಟ್ಟರು. ಕರೆಂಟು ಹೋದಾಗ ಅದು ಗುಡುಗಿದರೆ ಅಕ್ಕನ ಮನೆಯ ಪಾತ್ರೆಗಳು ಕುಣಿಯುತ್ತಿದ್ದವು. ಸಾಮಾನು ಇಳಿಸುವ ಲಾರಿಗಳು ಬೆಳಗಿನ ಜಾವಕ್ಕೇ ಬಂದು ಹಾರ್ನು ಹೊಡೆಯುತ್ತಿದ್ದವು. ಒಳಗೆ, ಬಾಗಿಲ ಎದುರಿನ ಕಪಾಟಿನಲ್ಲೇ ಹಿಟ್ಟಿನ ಪ್ಯಾಕೆಟ್ಟುಗಳನ್ನು ಗೋಪುರದಂತೆ ಪೇರಿಸಿಟ್ಟಿದ್ದರು.

ಅಕ್ಕ ಮತ್ತೆ ಯೋಜನಾ ಶಾಖೆಗೆ ಹೋದಳು. ಇದು ಹಳದಿ ಬೀದಿ ಅಲ್ಲವೇ, ಅಂಗಡಿ ಹೇಗೆ ಬಂತು ಎಂದು ಕೇಳಿದಳು. ಅದೇ ಅಧಿಕಾರಿ ಮುಖ ಕೊಡದೆ ನಕ್ಷೆ ತೋರಿಸಿದ. ಹಳದಿಯ ನಡುವೆ ಒಂದು ನೀಲಿ ಪಟ್ಟಿ ಹೊಸದಾಗಿ ಬಂದಿತ್ತು. ಬಿಲ್ಡರ್ ಅರ್ಜಿ ಕೊಟ್ಟಿದ್ದರು, ಕಟ್ಟಡದ ಮುಂಭಾಗವನ್ನು ವಾಣಿಜ್ಯಕ್ಕೆ ಬದಲಾಯಿಸಿ ಮಂಜೂರಾಗಿದೆ ಎಂದ. ನೀಲಿ ಪಟ್ಟಿ ಅಪಾರ್ಟ್‌ಮೆಂಟಿನ ಉದ್ದಕ್ಕೂ ಬಂದು, ಸರಿಯಾಗಿ ಗಿರಣಿಯ ಗೋಡೆಗೆ ನಿಂತಿತ್ತು.

‘ಇವರಿಗೆ ಬದಲಾಯಿಸೋಕೆ ಬರುತ್ತೆ, ನನಗೆ ಬರಲ್ವಾ?’

ಅದು ಮೇಲಿನವರ ತೀರ್ಮಾನ, ನನ್ನ ಕೈಯಲ್ಲೇನೂ ಇಲ್ಲ ಎಂದು ಅವನು ಕಡತ ಮುಚ್ಚಿದ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುವ ಮಾತನ್ನು ಅಕ್ಕ ಸಣ್ಣವಳಿದ್ದಾಗಿನಿಂದ ಕೇಳಿದ್ದಳು. ಅವತ್ತು ಆ ಸುಣ್ಣದ ಉರಿ ಎಂಥದೆಂದು ಗೊತ್ತಾಯಿತು. ಮನೆಯವರೆಗೆ ನಡೆದದ್ದು ಅವಳಿಗೆ ನೆನಪಿಲ್ಲ.

ಆ ವಾರವೇ ಬಿಲ್ಡರ್ ಬಂದ. ಹಿಂದೆ ತಮ್ಮ. ಇಬ್ಬರೂ ಗಿರಣಿಯ ಬಾಗಿಲಲ್ಲಿ ನಿಂತರು. ಬಿಲ್ಡರ್ ಸುತ್ತಿಬಳಸಿ, ಗಿರಣಿ ಹೇಗೂ ನಿಲ್ಲುವುದೇ, ಈ ಜಾಗ ನನಗೆ ಕೊಟ್ಟುಬಿಡಿ, ಸೂಪರ್ ಮಾರ್ಕೆಟ್ಟಿಗೆ ಗಾಡಿ ನಿಲ್ಲಿಸಲು ಬೇಕು, ಒಳ್ಳೆಯ ಬೆಲೆ ಕೊಡುತ್ತೇನೆ, ಬೇಕಾದರೆ ಮೇಲೊಂದು ಮನೆಯನ್ನೂ ಕೊಡುತ್ತೇನೆ ಎಂದ. ಕಂಡಕ್ಟರ್ ಸುಮ್ಮನೆ ಕೂತು ಕೇಳುತ್ತಿದ್ದವನು, ಎಲ್ಲ ಮುಗಿದಮೇಲೆ ತಮ್ಮನತ್ತ ತಿರುಗಿ, ನಿನಗೆ ಇದರಲ್ಲಿ ಏನು ಸಿಗುತ್ತದಪ್ಪಾ ಎಂದು ಕೇಳಿದ. ಟಿಕೆಟ್ ಇಲ್ಲದೆ ಕೂತವನನ್ನು ಕೇಳುವ ಹಾಗೆ ನೇರವಾಗಿ ಕೇಳಿದ. ತಮ್ಮ ತಡವರಿಸಿದ. ಬಿಲ್ಡರ್ ನಕ್ಕು, ಅವರಿಗೂ ಒಂದು ಅಂಗಡಿ ಮಳಿಗೆ ಇಟ್ಟಿದ್ದೇನೆ, ಮನೆಯವರೇ ಅಲ್ಲವೇ ಎಂದುಬಿಟ್ಟ. ಗಿರಣಿ ತೆರವಾದರೆ ಎನ್ನುವ ಮಾತನ್ನು ಅವನು ಬಾಯಲ್ಲಿ ಆಡಲಿಲ್ಲ. ಆಡಬೇಕಾಗಿಯೂ ಇರಲಿಲ್ಲ.

ಮೋಟಾರು ನಿಂತಿತ್ತು. ನಿಂತಾಗಲೂ ಕೂಗಿಯೇ ಮಾತಾಡುವ ಅಕ್ಕನ ದನಿ ಅವತ್ತು ಏರಲಿಲ್ಲ. ಅಂಥ ದನಿ ಅವಳ ಬಾಯಿಂದ ಬಂದದ್ದನ್ನು ಕಂಡಕ್ಟರ್ ಮದುವೆಯಾದಮೇಲೆ ಒಂದು ಸಲವೂ ಕೇಳಿರಲಿಲ್ಲ.

‘ಸದ್ದಾಗುತ್ತೆ ಅಂದೆ. ಉಬ್ಬಸ ಅಂದೆ. ಅದನ್ನ ನಂಬಿ ನಿನ್ ಮೇಲೆ ಅರ್ಧ ಸಿಟ್ಟು ಬಿಟ್ಟುಕೊಟ್ಟಿದ್ದೆ ಕಣೋ. ಪಾಪ, ಇವನಿಗೆ ಧೂಳು ಆಗಲ್ಲ ಅಂತ.’

‘ಅಕ್ಕಾ, ಹಂಗಲ್ಲ…’

‘ಮಳಿಗೆ ಬೇಕು ಅಂತ ನನ್ನ ಕೇಳಿದ್ರೆ ಇದರಲ್ಲೇ ಅರ್ಧ ಕೊಡ್ತಿದ್ದೆ. ಕೇಳೋಕೆ ನಿನಗೆ ನಾಚಿಕೆ. ಕಿತ್ಕೊಳ್ಳೋಕೆ ನಾಚಿಕೆ ಇಲ್ಲ.’

ತಮ್ಮ, ಹಳೆಯದನ್ನೆಲ್ಲ ಎತ್ತಿ ಹಂಗಿಸಬೇಡ ಎಂದ. ಅವಳು ಹಳೆಯದನ್ನು ಒಂದಾದರೂ ಎತ್ತಿರಲಿಲ್ಲ. ಏರಿದ ಏಣಿ ಒದ್ದವನಿಗೆ ಏಣಿಯ ನೆನಪು ತಾನಾಗಿಯೇ ಬಂದಿತ್ತು, ಅಷ್ಟೆ. ಅಕ್ಕ ಬಾಗಿಲು ತೋರಿಸಿದಳು. ಬಿಲ್ಡರ್ ಮೊದಲು ಹೋದ. ತಮ್ಮ ಕರವಸ್ತ್ರ ಮೂಗಿಗೆ ಒತ್ತಿಕೊಂಡು ಅವನ ಹಿಂದೆ ನಡೆದ.

ಮರುದಿನ ಬೆಳಗ್ಗೆ ಆರಕ್ಕೆ ಅಕ್ಕ ಗಿರಣಿಯ ಎರಡೂ ಬಾಗಿಲು ಹಾರು ಹೊಡೆದು ಮೋಟಾರು ಹಾಕಿದಳು. ಗಿರಾಕಿಗಳಿರಲಿಲ್ಲ. ತನ್ನ ಮನೆಯದೇ ಜೋಳ ತಂದು ಸುರಿದಳು. ಅದರ ಮರುದಿನವೂ ಹಾಕಿದಳು. ಕೂಲಿಯವರಿಗೆ ಸುದ್ದಿ ಮುಟ್ಟಿತು, ಡಬ್ಬಿಗಳು ಮತ್ತೆ ಸಾಲಾಗಿ ಬಂದು ಕೂತವು. ಕಂಡಕ್ಟರ್ ಹೆದರಿದ. ಕಾನೂನು ಮುರಿದಂತಾಗುತ್ತದೆ ಎಂದ. ಕಾನೂನು ಜನರೇಟರಿನ ಹಿಂದೆ ಮಲಗಿದೆ, ಹೋಗಿ ಎಬ್ಬಿಸು ಎಂದಳು. ಅವನು ಎಬ್ಬಿಸಲು ಹೋಗಲಿಲ್ಲ. ಡಬ್ಬಿಗಳಿಗೆ ಚೀಟಿ ಅಂಟಿಸುತ್ತ ಅವಳ ಪಕ್ಕ ನಿಂತ.

ವಾರ ತುಂಬುವುದರೊಳಗೆ ನಗರಸಭೆಯವರು ಕರೆಂಟಿನವರನ್ನು ಕರೆದುಕೊಂಡು ಬಂದರು. ಕಂಬ ಹತ್ತಿ ತಂತಿ ಕಳಚಿದರು. ಕಲ್ಲು ಇನ್ನೂ ತಿರುಗುತ್ತಿತ್ತು, ಮೇಲಿನ ತೊಟ್ಟಿಯಲ್ಲಿ ಯಾರದೋ ಗೋಧಿ ಅರ್ಧ ಉಳಿದಿತ್ತು. ಬೀಸುಗಲ್ಲು ಗೊಣಗುತ್ತ ನಿಧಾನವಾಗಿ ನಿಂತಿತು. ಆ ಗೋಧಿಯ ಒಡತಿ, ಗಾರ್ಮೆಂಟಿನ ಹೆಂಗಸು, ಬೆಚ್ಚಗಿನ ಅರ್ಧ ಹಿಟ್ಟನ್ನೂ ಅರ್ಧ ಕಾಳನ್ನೂ ಒಂದೇ ಡಬ್ಬಿಗೆ ತುಂಬಿಕೊಂಡು ಬೈಯುತ್ತ ಹೋದಳು. ಬೈದದ್ದು ಅಕ್ಕನನ್ನಲ್ಲ. ಕಟ್ಟಡದ ಬಾಲ್ಕನಿಗಳಲ್ಲಿ ಜನ ಸಾಲಾಗಿ ನಿಂತು ನೋಡುತ್ತಿದ್ದರು. ಮೊದಲ ಮಹಡಿಯಲ್ಲಿ ತಮ್ಮನ ಮನೆಯ ಕಿಟಕಿಯ ಪರದೆ ಮಾತ್ರ ಎಳೆದಿತ್ತು. ಆ ಪರದೆಯ ಅಂಚು ಅಲುಗಿದ್ದನ್ನು ಅಕ್ಕ ಕಂಡಳು.

ಇಸ್ತ್ರಿಯವನಿಗೂ ಸೈಕಲ್ ರಿಪೇರಿಯವನಿಗೂ ನೋಟಿಸು ಬಂದದ್ದು ಆ ತಿಂಗಳಲ್ಲೇ. ಇಸ್ತ್ರಿಯ ಕೆಂಡದ ಹೊಗೆ, ಸೈಕಲ್ಲಿನವನ ಸುತ್ತಿಗೆಯ ಬಡಿತ. ಕ್ಷೌರದಂಗಡಿಯವನು, ಕತ್ತರಿಗೂ ಸದ್ದಿದೆ, ನಾಳೆ ನನಗೂ ಬರುತ್ತದೆ ಎಂದು ಅಂಗಡಿಗೆ ಬೀಗ ಹಾಕಿ ಅಕ್ಕನ ಜೊತೆ ಹೊರಟ. ನಾಲ್ವರೂ ಸೇರಿ ಜಿಲ್ಲೆಯ ದೊಡ್ಡ ಕಚೇರಿಗೆ ಮೇಲ್ಮನವಿ ಹಾಕಿದರು. ಕಂಡಕ್ಟರಿಗೆ ಸರ್ಕಾರಿ ಕಚೇರಿಗಳ ಬೆಂಚಿನ ಅಭ್ಯಾಸವಿತ್ತು. ಅವನೇ ಬುತ್ತಿ ಕಟ್ಟಿಸಿಕೊಂಡು ಎಲ್ಲರನ್ನೂ ಬಸ್ಸು ಹತ್ತಿಸಿ ಕರೆದೊಯ್ಯುತ್ತಿದ್ದ. ಎಷ್ಟು ಸಲ ಹೋದರೋ. ಸಾಹೇಬರಿಲ್ಲ, ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಸಾಹೇಬರಿಗೆ ವರ್ಗವಾಯಿತು. ಅಕ್ಕ ಪ್ರತಿ ಸಲ ಅದೇ ಪ್ರಶ್ನೆ ಕೇಳಿದಳು: ಜನರೇಟರು ಹಳದಿಯೋ ನೀಲಿಯೋ? ಹೊಸದಾಗಿ ಬಂದ ಹಿರಿಯ ಅಧಿಕಾರಿಣಿ ಆ ಪ್ರಶ್ನೆಗೆ ನಗಲಿಲ್ಲ. ಒಂದು ದಿನ ಯಾರಿಗೂ ಹೇಳದೆ ಬಂದು, ಗಿರಣಿಯ ಹಿಂದಿನ ಗೋಡೆಗೆ ಅಂಗೈ ಇಟ್ಟು, ಜನರೇಟರಿನ ನಡುಕವನ್ನು ಮುಟ್ಟಿ ನೋಡಿ, ಹಿಂದಿರುಗಿದಳು.

ಆದೇಶ ಬರುವ ಹೊತ್ತಿಗೆ ಗಿರಣಿ ನಿಂತು ವರ್ಷವಾಗುತ್ತ ಬಂದಿತ್ತು. ಬೀದಿಯ ಸಣ್ಣ ಕಸುಬುಗಳು ಇರಬಹುದು. ಗಿರಣಿಯೂ ಇರಬಹುದು, ಆದರೆ ದೊಡ್ಡ ಮೋಟಾರು ಬೇಡ, ಕಲ್ಲು ಬೇಡ. ಮನೆಬಳಕೆಗಿಂತ ತುಸು ದೊಡ್ಡ, ಸಣ್ಣ ಯಂತ್ರ ಇಡಬಹುದು. ಜನರೇಟರನ್ನು ಕಟ್ಟಡದ ಆ ಪಕ್ಕಕ್ಕೆ ಸರಿಸಬೇಕು. ಸೂಪರ್ ಮಾರ್ಕೆಟ್ ಇದ್ದ ಹಾಗೇ ಇರುತ್ತದೆ. ಸೈಕಲ್ಲಿನವನು ಖುಷಿಯಿಂದ ಅಕ್ಕನ ಕೈ ಹಿಡಿದು ಗೆದ್ದೆವು ಎಂದ. ಅಕ್ಕ ಕಾಗದವನ್ನು ಗಂಡನಿಂದ ಗಟ್ಟಿಯಾಗಿ ಓದಿಸಿದಳು. ‘ವಿಶೇಷ ಪ್ರಕರಣವೆಂದು ದಯಾಪೂರ್ವಕವಾಗಿ ಪರಿಗಣಿಸಿ’ ಎಂಬಲ್ಲಿಗೆ ಬಂದಾಗ ನಿಲ್ಲಿಸು ಎಂದಳು.

‘ಬೀದಿಗೆ ಹೆಸರು ಕೊಟ್ಟಿದ್ದೇ ನಮ್ಮಪ್ಪನ ಗಿರಣಿ. ಅದರಲ್ಲಿ ನಾನು ಹಿಟ್ಟು ಬೀಸೋಕೆ ಇವರ ದಯೆ ಬೇಕಾ?’

ಅಪ್ಪ ಹಾಕಿದ ಕಲ್ಲುಗಳನ್ನು ಕೊಳ್ಳಲು ಯಾರೂ ಬರಲಿಲ್ಲ. ನಾಲ್ಕು ಜನ ಹಗ್ಗ ಹಾಕಿ ಹೊರಗೆ ಉರುಳಿಸಿ, ಅಂಗಳದ ಮೂಲೆಗೆ ಒರಗಿಸಿದರು. ಹಳೆಯ ಮೋಟಾರು ಗುಜರಿಗೆ ಹೋಯಿತು. ಅದರ ಜಾಗದಲ್ಲಿ ಕೂತ ಸಣ್ಣ ಯಂತ್ರ ಗುಂಯ್ ಎಂದು ಸೊಳ್ಳೆಯ ಹಾಗೆ ಸದ್ದು ಮಾಡುತ್ತಿತ್ತು. ಒಂದು ಡಬ್ಬಿ ಬೀಸಲು ಮೊದಲು ಮೂರು ಡಬ್ಬಿಗೆ ಹಿಡಿಯುತ್ತಿದ್ದಷ್ಟು ಹೊತ್ತು ಹಿಡಿಯುತ್ತಿತ್ತು. ಹಳೆಯ ಗಿರಾಕಿಗಳಲ್ಲಿ ಅರ್ಧ ಜನ ಪ್ಯಾಕೆಟ್ಟಿಗೆ ಒಗ್ಗಿಹೋಗಿದ್ದರು. ಉಳಿದರ್ಧ ಜನ ಬಂದರು. ಅಕ್ಕ ಬೀಸಿದಳು. ಬೀಸುತ್ತ ಒಬ್ಬೊಬ್ಬರಿಗೂ ನಡೆದದ್ದನ್ನೆಲ್ಲ ಹೇಳಿದಳು, ಹೇಳಿದ್ದನ್ನೇ ಮತ್ತೆ ಹೇಳಿದಳು. ಯಂತ್ರಕ್ಕೆ ಈಗ ಸದ್ದಿಲ್ಲ, ಆದ್ದರಿಂದ ಅವಳ ಮಾತು ಮೊದಲಿಗಿಂತ ಚೆನ್ನಾಗಿ ಮೇಲಿನ ಮಹಡಿಗಳಿಗೆ ಕೇಳುತ್ತಿತ್ತು. ಕೇಳಲಿ ಎಂದೇ ಹೇಳುತ್ತಿದ್ದಳು.

ಒಂದು ಬೆಳಗ್ಗೆ ತಮ್ಮನ ಹೆಂಡತಿ ಡಬ್ಬಿ ಹಿಡಿದು ಬಂದಳು. ಎರಡು ವರ್ಷದಿಂದ ಈಚೆಗೆ ಬಂದವಳಲ್ಲ. ಮುಖ ಬಾಡಿತ್ತು. ಪ್ಯಾಕೆಟ್ಟಿನ ಹಿಟ್ಟು ಇವರಿಗೆ ಒಗ್ಗುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ ಅಂತಾರೆ ಎಂದು ನೆಲ ನೋಡುತ್ತ ಹೇಳಿದಳು.

‘ನಿಮ್ಮನೆ ಕೆಳಗಡೆ ಅಂಗಡೀಲಿ ಬೇರೆ ಬ್ರ್ಯಾಂಡ್ ಇರುತ್ತೆ, ನೋಡಮ್ಮ’ ಎಂದಳು ಅಕ್ಕ.

‘ಅತ್ತಿಗೆ, ನನ್ನದೇನು ತಪ್ಪಿದೆ ಇದರಲ್ಲಿ?’

ಅಕ್ಕ ಸಾಲಿನಲ್ಲಿ ಅವಳ ಹಿಂದಿದ್ದ ಹೆಂಗಸಿನ ಡಬ್ಬಿ ಎಳೆದುಕೊಂಡು ಯಂತ್ರಕ್ಕೆ ಸುರಿದಳು. ತಮ್ಮನ ಹೆಂಡತಿ, ಕಣ್ಣೀರು ಬಂದಿತೆಂದು ಕಾಣುತ್ತದೆ, ಡಬ್ಬಿಯನ್ನು ಮೆಟ್ಟಿಲ ಮೇಲೇ ಬಿಟ್ಟು ಹೊರಟುಹೋದಳು.

ಸಾಲು ಕರಗಿದಮೇಲೆ ಕಂಡಕ್ಟರ್ ಮೆಲ್ಲಗೆ, ಅಂದರೆ ಅವನ ಲೆಕ್ಕದ ಮೆಲ್ಲಗೆ, ಕೇಳಿದ.

‘ಪಾಪ ಕಣೇ, ಅವಳೇನ್ ಮಾಡಿದ್ಳು?’

‘ಏನೂ ಮಾಡ್ಲಿಲ್ಲ. ಪರದೆ ಎಳ್ಕೊಂಡು ಒಳಗೆ ನಿಂತಿದ್ಳು. ಅದಕ್ಕೇ.’

ಅಕ್ಕನಿಗೆ ಹಾಗೆ ಮಾಡಿದ್ದಕ್ಕೆ ಸಮಾಧಾನವೂ ಆಗಲಿಲ್ಲ, ಪಶ್ಚಾತ್ತಾಪವೂ ಆಗಲಿಲ್ಲ. ಮಧ್ಯಾಹ್ನದ ಊಟ ಸೇರಲಿಲ್ಲ, ಅಷ್ಟೆ. ತಟ್ಟೆ ಸರಿಸಿ ಎದ್ದು, ಆ ಡಬ್ಬಿಯನ್ನು ಮೇಲಕ್ಕೆ ಒಯ್ದು ಕೊಟ್ಟು ಬಾ, ಇಲ್ಲಿ ಇಲಿ ಕಾಟ ಎಂದು ಗಂಡನಿಗೆ ಹೇಳಿದಳು. ಅವನು ಡಬ್ಬಿ ಎತ್ತಿಕೊಂಡು, ಮುಚ್ಚಳ ತೆಗೆದು ಒಳಗಿನ ಗೋಧಿ ನೋಡಿ, ಹೀಗೇ ಕೊಡಲಾ ಎಂಬಂತೆ ಅವಳ ಮುಖ ನೋಡಿದ. ಅವಳು ಹೂಂ ಎಂದಳು. ಅವನು ಬೀಸದ ಗೋಧಿಯ ಡಬ್ಬಿ ಹೆಗಲಿಗೇರಿಸಿ, ಸೂಪರ್ ಮಾರ್ಕೆಟ್ಟಿನ ದೀಪದ ಬೋರ್ಡಿನ ಕೆಳಗೆ ಹಾಯ್ದು, ಮೊದಲ ಮಹಡಿಯ ಮೆಟ್ಟಿಲು ಹತ್ತಿದ.